ಮೂರು ಆಂಪ್ಲಿಫೈಯರ್, ಒಂದು ಟ್ರಾನ್ಸ್‌ಫಾರ್ಮರ್: ಸುಟ್ಟ ಷೀಲ್ಡ್ ವೈರಿನ ಪ್ರಕರಣ

ಚೌತಿಗೆ ಇನ್ನು ಒಂಬತ್ತು ದಿನ ಇರುವಾಗ ನನ್ನ ತಂಗಿಯ ಮಗ ಹಾಸನದಿಂದ ಬಸ್ಸಿನಲ್ಲಿ ಒಂದು ಅಕ್ಕಿ ಚೀಲ ಹೊತ್ತುಕೊಂಡು ಬಂದ. ಚೀಲದೊಳಗೆ ಇದ್ದದ್ದು ತಗಡಿನ ಡಬ್ಬ. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ ಕೂಡಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಒಳಗಿನ ಒಂದು ಆಡಿಯೊ ವೈರಿನ ಹೊದಿಕೆ ಉದ್ದಕ್ಕೂ ಕರಗಿ, ಪಕ್ಕದ ವೈರುಗಳಿಗೆ ಅಂಟಿಕೊಂಡಿತ್ತು.

"ಮಾವ, ಎಲ್ಲಾ ಸರಿಯಾಗೇ ಇತ್ತು. ಹೊಸ ಬೋರ್ಡಿನ ಲೈಟೂ ಹತ್ತಿತ್ತು. ಪಿನ್ ಚುಚ್ಚಿದ್ದೇ ತಡ, ಹೊಗೆ ಬಂತು" ಎಂದ. ಬಲಗೈಯ ಎರಡು ಬೆರಳಿನ ತುದಿ ಕೆಂಪಗಿತ್ತು.

ಇವನು ಡಿಪ್ಲೊಮಾ ಓದುತ್ತಿದ್ದಾನೆ, ಕೈ ಚುರುಕು, ಬೆಸುಗೆ ನೀಟು. ಅವರ ಬೀದಿಯ ಗಣಪತಿಗೆ ಈ ಸಲ ಬಾಡಿಗೆ ಸೆಟ್ ಬೇಡ, ನಾನೇ ಮಾಡಿಕೊಡುತ್ತೇನೆ ಎಂದು ಹುಡುಗರ ಮುಂದೆ ಮಾತು ಕೊಟ್ಟಿದ್ದ. ಈ ಡಬ್ಬದಲ್ಲಿ ನಾನು ಕಂಡದ್ದನ್ನು, ಅಳೆದದ್ದನ್ನು, ಬದಲಿಸಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಒಂದೇ ಸಪ್ಲೈಯಿಂದ ಬೇರೆ ಬೇರೆ ಜಾತಿಯ ಆಂಪ್ಲಿಫೈಯರ್ ಬೋರ್ಡುಗಳನ್ನು ನಡೆಸಲು ಹೊರಡುವ ಹುಡುಗರು ನಮ್ಮಲ್ಲಿ ಬಹಳ ಜನ. ಬಹುಪಾಲು ಎಲ್ಲರೂ ಇದೇ ಜಾಗದಲ್ಲಿ ಎಡವುತ್ತಾರೆ.

ಡಬ್ಬದಲ್ಲಿ ಏನೇನಿತ್ತು

ಟ್ರಾನ್ಸ್‌ಫಾರ್ಮರ್ 12-0-12, ಅಂದರೆ ನಡುವಿನ ಸೊನ್ನೆ ತುದಿಯ (ಸೆಂಟರ್ ಟ್ಯಾಪ್) ಎರಡೂ ಕಡೆಗೆ 12 ವೋಲ್ಟ್ ಎಸಿ, 5 ಆಂಪಿಯರ್. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಒಂದು ಬ್ರಿಡ್ಜ್, 4700 ಮೈಕ್ರೊಫ್ಯಾರಡ್‌ನ 25 ವೋಲ್ಟಿನ, ಚಾರ್ಜ್ ತುಂಬಿಟ್ಟುಕೊಳ್ಳುವ ಎರಡು ಕಂಡೆನ್ಸರ್. ಅಲ್ಲಿಂದ ಪ್ಲಸ್, ಸೊನ್ನೆ, ಮೈನಸ್ ಎಂದು ಮೂರು ಲೈನು.

ಸಬ್‌ವೂಫರಿಗೆ ಟಿಡಿಎ 2050 ಬೋರ್ಡು. ಅದಕ್ಕೆ ಪ್ಲಸ್, ಮೈನಸ್ ಎರಡೂ ಬೇಕು. ಎರಡರ ನಡುವಿನ ಸೊನ್ನೆಯೇ ಅದರ ಗ್ರೌಂಡ್. ಮುಂದಿನ ಎರಡು ಸ್ಪೀಕರಿಗೆ 4440 ಬೋರ್ಡು. ಸ್ಯಾನ್ಯೊ ಕಂಪನಿಯ ಎಲ್‌ಎ 4440 ಐಸಿಯನ್ನು ನಮ್ಮ ಕಡೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಿಂತು "4440 ಕೊಡಿ" ಎಂದರೆ ಸಾಕು, ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಕಾರ್ ಸ್ಟೀರಿಯೊಗೆಂದು ಹುಟ್ಟಿದ ಐಸಿ, 13.2 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಒಂದೊಂದು ಚಾನೆಲ್ಲಿನಿಂದ 6 ವಾಟ್ ಕೊಡುತ್ತದೆ. ಅದಕ್ಕೆ ಒಂದೇ ಪ್ಲಸ್ ಮತ್ತು ಗ್ರೌಂಡ್ ಸಾಕು.

ಮೂರನೆಯದು ಹೊಸದಾಗಿ ಸೇರಿದ್ದು, ಟಿಪಿಎ 3116 ಐಸಿ ಇರುವ, ಸರಸರನೆ ಸ್ವಿಚ್ ಆಗುತ್ತ ಕೆಲಸ ಮಾಡುವ ಡಿ ಕ್ಲಾಸ್ ಬೋರ್ಡು. ಪೆಂಡಾಲಿನ ಹೊರಗಿನ ಎರಡು ಬಾಕ್ಸಿಗೆ. ಇದಕ್ಕೂ ಒಂದೇ ಪ್ಲಸ್, 26 ವೋಲ್ಟಿನವರೆಗೆ ಕೊಡಬಹುದು. ಇವುಗಳ ಜೊತೆಗೆ ಮುಂಭಾಗದಲ್ಲಿ ಬ್ಲೂಟೂತ್, ಯುಎಸ್‌ಬಿ ಇರುವ ಪ್ಯಾನಲ್. ಅದಕ್ಕೆ 5 ವೋಲ್ಟ್ ಪ್ಲಸ್ ಲೈನಿನಿಂದ ಒಂದು 7805 (5 ವೋಲ್ಟಿನ ರೆಗ್ಯುಲೇಟರ್ ಐಸಿ) ಮೂಲಕ ಬರುತ್ತಿತ್ತು. ಪ್ಯಾನಲ್ಲಿನ ಆಡಿಯೊ ವಾಲ್ಯೂಮ್ ಕಂಟ್ರೋಲಿಗೆ ಹೋಗಿ, ಅಲ್ಲಿಂದ ಸುತ್ತ ಲೋಹದ ಎಳೆಗಳ ಹೊದಿಕೆ ಇರುವ ಮೂರು ಷೀಲ್ಡ್ ವೈರಿನಲ್ಲಿ ಮೂರೂ ಬೋರ್ಡಿಗೆ.

ಮೊದಲ ಎರಡು ಬೋರ್ಡು ಮಾತ್ರ ಇದ್ದಾಗಲೇ ಅವನಿಗೆ ಮೂರು ದೂರುಗಳಿದ್ದವು. ವಾಲ್ಯೂಮ್ ಪೂರ್ತಿ ಇಳಿಸಿದರೂ 4440ರ ಸ್ಪೀಕರಿನಲ್ಲಿ ಗುಂಯ್ ಎಂಬ ಹಮ್ಮಿಂಗ್. ಬ್ಲೂಟೂತಿಗೆ ಹಾಕಿದರೆ ಹಾಡಿನ ಹಿಂದೆ ಸೊಳ್ಳೆ ಕೂಗಿದ ಹಾಗೆ ಚೀಂಯ್. ಡೊಳ್ಳಿನ ಪೆಟ್ಟು ಬಂದಾಗಲೆಲ್ಲ ಹಾಡುವವರ ದನಿ ಒಡೆಯುತ್ತಿತ್ತು. ಇವೆಲ್ಲ ಆಮೇಲೆ ನೋಡೋಣ ಎಂದು ಮೂರನೇ ಬೋರ್ಡನ್ನೂ ಸೇರಿಸಿದ್ದ.

ಹೊಗೆ ಬಂದದ್ದು ಎಲ್ಲಿಂದ

ವೈರಿಂಗ್ ಹಿಂಬಾಲಿಸುತ್ತ ಹೋದಾಗ ಡಿ ಕ್ಲಾಸ್ ಬೋರ್ಡಿನ ಪ್ಲಸ್ ಸ್ಕ್ರೂಗೆ ಸೊನ್ನೆ ಲೈನೂ, ಅದರ ಮೈನಸ್ ಸ್ಕ್ರೂಗೆ ಸಪ್ಲೈಯ ಮೈನಸ್ ಲೈನೂ ಸಿಕ್ಕಿತು. ಕೈತಪ್ಪಿ ಆದದ್ದಿರಬೇಕು ಅಂದುಕೊಂಡೆ. ಕೇಳಿದೆ.

"ಇಲ್ಲ ಮಾವ, ಬೇಕಂತಲೇ ಹಾಕಿದ್ದು. 4440 ಪ್ಲಸ್ ಕಡೆ ಮಾತ್ರ ಎಳೀತಾ ಇತ್ತಲ್ಲ. ಇದನ್ನೂ ಅಲ್ಲೇ ಹಾಕಿದ್ರೆ ಒಂದೇ ಕಡೆ ಭಾರ ಆಗುತ್ತೆ. ಎರಡೂ ಕಡೆ ಸಮ ಇರ್ಲಿ ಅಂತ ಇದನ್ನ ಮೈನಸ್ ಕಡೆಗೆ ಹಾಕ್ದೆ. ಅದಕ್ಕೆ ಬೇಕಾಗಿರೋದು 18 ವೋಲ್ಟ್ ವ್ಯತ್ಯಾಸ ತಾನೆ? ಅದು ಸಿಗ್ತಿತ್ತು."

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಆ ಬೋರ್ಡೊಂದನ್ನೇ ನೋಡಿದರೆ ಅದರ ಎರಡು ತುದಿಯ ನಡುವೆ 18 ವೋಲ್ಟ್ ಇತ್ತು, ದಿಕ್ಕೂ ಸರಿಯಾಗಿತ್ತು. ಅದಕ್ಕೇ ಲೈಟು ಹತ್ತಿತು, ಐಸಿಗೂ ಏನೂ ಆಗಲಿಲ್ಲ. ಆದರೆ ಆ ಬೋರ್ಡು ತನ್ನ ಗ್ರೌಂಡ್ ಎಂದು ತಿಳಿದ ಜಾಗ ಉಳಿದ ಬೋರ್ಡುಗಳ ಸೊನ್ನೆಗಿಂತ 18 ವೋಲ್ಟ್ ಕೆಳಗಿತ್ತು. ಉಳಿದವರ ನೆಲ ಅದಕ್ಕೆ ಮೇಲ್ಛಾವಣಿ. ಅದರ ನೆಲ ಉಳಿದವರಿಗೆ ನೆಲಮಾಳಿಗೆ.

ಆಡಿಯೊ ಪಿನ್ನಿನ ಹೊರಗಿನ ಲೋಹದ ಬಳೆ, ಅಂದರೆ ಷೀಲ್ಡ್, ಬೋರ್ಡಿನ ಗ್ರೌಂಡಿಗೇ ಅಂಟಿರುತ್ತದೆ. ಆ ಷೀಲ್ಡಿನ ಇನ್ನೊಂದು ತುದಿ ವಾಲ್ಯೂಮ್ ಕಂಟ್ರೋಲಿನಲ್ಲಿ, ಪ್ಯಾನಲ್ಲಿನ ಗ್ರೌಂಡಿನ ಜೊತೆ; ಅದು ನಿಜವಾದ ಸೊನ್ನೆ. ಪಿನ್ ಚುಚ್ಚಿದ ಗಳಿಗೆಯಲ್ಲಿ ಸಪ್ಲೈಯ ಸೊನ್ನೆಯೂ ಮೈನಸ್ಸೂ ಆ ಕೂದಲಿನಂಥ ಷೀಲ್ಡ್ ಎಳೆಗಳ ಮೂಲಕ ನೇರವಾಗಿ ಕೂಡಿಕೊಂಡವು. ಕಂಡೆನ್ಸರಿನಲ್ಲಿ ಇದ್ದದ್ದು ಮೊದಲು ಖಾಲಿಯಾಯಿತು, ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರ್ ತನ್ನಿಂದಾದಷ್ಟನ್ನೂ ಸುರಿಯಿತು. ಪ್ಯಾನಲ್ಲಿನ ಹಿಂಬದಿಯಲ್ಲಿ ಗ್ರೌಂಡಿನ ತಾಮ್ರದ ಗೆರೆ ಅರ್ಧ ಅಂಗುಲದಷ್ಟು ಕಪ್ಪಾಗಿ ಎದ್ದು ಬಂದಿತ್ತು. ಅದು ಕಿತ್ತುಹೋದದ್ದರಿಂದಲೇ ಕರೆಂಟ್ ನಿಂತದ್ದು.

ಮೇನ್ಸ್ ಕಡೆ ಫ್ಯೂಸ್ ಇತ್ತಲ್ಲ, ಅದೇಕೆ ಹೋಗಲಿಲ್ಲ ಎಂದು ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ. ಅವನು ಹಾಕಿದ್ದು 2 ಆಂಪಿಯರಿನದು. ಈ ಟ್ರಾನ್ಸ್‌ಫಾರ್ಮರ್ ಪೂರ್ತಿ ದುಡಿದರೆ 120 ವಾಟ್, 230 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರಿಗಿಂತ ತುಸು ಹೆಚ್ಚು. ಒಳಗೆ 10 ಆಂಪಿಯರ್ ಹರಿದು ವೈರು ಬೇಯುತ್ತಿದ್ದಾಗಲೂ ಹೊರಗಿನ ಕಡೆ ಒಂದು ಆಂಪಿಯರ್ ಆಗಿತ್ತೋ ಇಲ್ಲವೋ. ಆ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಒಳಗೆ ಬೋರ್ಡಿಗೊಂದು ಫ್ಯೂಸ್ ಇಲ್ಲದಿದ್ದರೆ, ಇರುವುದರಲ್ಲಿ ತೆಳ್ಳಗಿನ ವೈರು ಯಾವುದೋ ಅದೇ ಫ್ಯೂಸಿನ ಕೆಲಸ ಮಾಡುತ್ತದೆ. ಇಲ್ಲಿ ಅದು ಅವನ ಬೆರಳ ಸಂದಿಯಲ್ಲಿತ್ತು.

ಸಮ ಇರಬೇಕು ಎಂಬ ಆತಂಕದ ಬಗ್ಗೆ

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ತಪ್ಪು ಶುರುವಾದದ್ದು ಇಲ್ಲಿ. ಪ್ಲಸ್ ಲೈನ್ ಹೆಚ್ಚು ಎಳೆದರೆ ಟ್ರಾನ್ಸ್‌ಫಾರ್ಮರಿನ ಮೇಲಿನ ಅರ್ಧ ಸುರುಳಿ ಒಂದೇ ದುಡಿಯುತ್ತದೆ, ಕೆಳಗಿನರ್ಧ ಸುಮ್ಮನೆ ಕೂತಿರುತ್ತದೆ ಎಂದು ಅವನು ತಿಳಿದಿದ್ದ. ಹಾಗಿಲ್ಲ. ಸೆಂಟರ್ ಟ್ಯಾಪ್ ಇರುವ ಸುರುಳಿಗೆ ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿದಾಗ, ಎಸಿಯ ಒಂದು ಅರ್ಧದಲ್ಲಿ ಮೇಲಿನ ಸುರುಳಿ ಪ್ಲಸ್ ಕಂಡೆನ್ಸರನ್ನು ತುಂಬುತ್ತದೆ, ಕೆಳಗಿನದು ಮೈನಸ್ಸನ್ನು. ಮುಂದಿನ ಅರ್ಧದಲ್ಲಿ ಇಬ್ಬರೂ ಜಾಗ ಬದಲಿಸುತ್ತಾರೆ. ಪ್ಲಸ್ ಲೈನಿಗೆ ಎರಡು ಸುರುಳಿಯೂ ಸರದಿಯ ಮೇಲೆ ದುಡಿಯುತ್ತವೆ. ಒಂದೇ ಕಡೆ ಎಳೆದರೂ ಕಬ್ಬಿಣದ ಕೋರಿನಲ್ಲಿ ಓರೆ ಆಗುವುದಿಲ್ಲ. ತಂತಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಪ್ಲಸ್ ಕಡೆಯ ಕಂಡೆನ್ಸರ್ ಹೆಚ್ಚು ಬಸಿಯುತ್ತದೆ. ಹಾಗಾಗಿ ಆ ಕಡೆ ದೊಡ್ಡ ಕಂಡೆನ್ಸರ್ ಹಾಕಿದರೆ ಮುಗಿಯಿತು.

ಸಮತೋಲದ ಭಯವನ್ನು ಬಿಟ್ಟು, ಒಂದೇ ಲೈನಿನಲ್ಲಿ ನಡೆಯುವ ಬೋರ್ಡುಗಳೆಲ್ಲ ಪ್ಲಸ್ಸಿಗೂ ಸೊನ್ನೆಗೂ ನಡುವೆಯೇ ಇರಬೇಕು ಎಂದು ಗೆರೆ ಎಳೆದೆವು. ಹಂಚಿಕೊಳ್ಳುವವರ ಸೊನ್ನೆ ಒಂದೇ ಆಗಿರಬೇಕು.

ಮುಟ್ಟುವ ಮುಂಚೆ ಅಳೆದದ್ದು

ಮೂರೂ ಬೋರ್ಡನ್ನು ಬಿಚ್ಚಿಟ್ಟು ಸಪ್ಲೈ ಮಾತ್ರ ಹಚ್ಚಿದೆ, ಸೀರೀಸ್ ಲ್ಯಾಂಪ್ ಮೂಲಕ. 60 ವಾಟಿನ ಹಳೇ ತಂತಿ ಬಲ್ಬು ಮೇನ್ಸಿನ ದಾರಿಯಲ್ಲಿ ಇದ್ದರೆ, ಒಳಗೆ ಷಾರ್ಟ್ ಇದ್ದಾಗ ಬಲ್ಬು ಉರಿಯುತ್ತದೆ, ಸಾಮಾನು ಉಳಿಯುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಮಿಂಚಿ ಆರಿತು. ಸಪ್ಲೈ ಚೆನ್ನಾಗಿತ್ತು.

ಆಮೇಲೆ ಲ್ಯಾಂಪ್ ತೆಗೆದು ನೇರ ಕೊಟ್ಟು ನೋಡಿದೆ. ಆ ಹೊತ್ತಿಗೆ ನಮ್ಮ ಮನೆಯ ಲೈನು 236 ವೋಲ್ಟ್. ಭಾರವಿಲ್ಲದೆ ಸೆಕೆಂಡರಿಯ (ಟ್ರಾನ್ಸ್‌ಫಾರ್ಮರಿನ ಹೊರಕೊಡುವ ಸುರುಳಿಯ) ಒಂದೊಂದು ಅರ್ಧ 13.6. ಎಸಿಯ ತುತ್ತತುದಿಯ ವೋಲ್ಟ್ ಸಿಗಲು ಅದನ್ನು 1.414ರಿಂದ ಗುಣಿಸಿ ಒಂದು ಡಯೋಡಿನ ಪಾಲು ಕಳೆದರೆ ಬರಬೇಕಾದದ್ದೇ ಮೀಟರಿನಲ್ಲಿ ಬಂತು: ಪ್ಲಸ್ 18.3, ಮೈನಸ್ 18.3. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ 12 ಪೂರ್ತಿ ಭಾರ ಇದ್ದಾಗಿನ ಲೆಕ್ಕ, ಅದೂ ಎಸಿಯಲ್ಲಿ. "12 ವೋಲ್ಟ್ ಟ್ರಾನ್ಸ್‌ಫಾರ್ಮರ್, 12 ವೋಲ್ಟ್ ಬೋರ್ಡು" ಎಂದು ಜೋಡಿ ಮಾಡುವವರು ಮರೆಯುವುದು ಇದನ್ನೇ. 4440ಗೆ ಕೆಲಸ ಮಾಡುವಾಗ ಇರಬೇಕಾದ ಗರಿಷ್ಠ 18 ವೋಲ್ಟ್. ಹಾಡು ನಿಂತು ಸುಮ್ಮನಿದ್ದಾಗಲೇ ಅದು ಮಿತಿ ದಾಟಿ ಕೂತಿತ್ತು. ಈಗ ಸಿಗುವ 4440ಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಹೇಳುವುದು ಕಷ್ಟ. ನಾನಂತೂ ಅದರ ಮಿತಿಯ ಅಂಚಿಗೆ ಹೋಗುವುದಿಲ್ಲ.

ಟಿಡಿಎ 2050ಗೆ ±25 ವೋಲ್ಟಿನವರೆಗೆ ಅವಕಾಶ ಇದೆ, ಡಿ ಕ್ಲಾಸಿಗೆ 26 ಇದೆ. ಇಬ್ಬರಿಗೂ 18 ಆರಾಮ.

ಇನ್ನು ಎಷ್ಟು ಎಳೆಯುತ್ತವೆ? ಸಬ್ ಭಾರ ಎಳೆಯುವಾಗ ಲೈನು ±16ಕ್ಕೆ ಬರುತ್ತದೆ ಎಂದಿಟ್ಟುಕೊಂಡರೆ 4 ಓಮಿಗೆ 20 ವಾಟಿನ ಆಸುಪಾಸು. ಅದಕ್ಕಾಗಿ ಸಪ್ಲೈಯಿಂದ 33 ವಾಟ್ ಬೇಕು. 4440ಗೆ ಜೋರಿನಲ್ಲಿ 20. ಡಿ ಕ್ಲಾಸ್ ಎರಡೂ ಚಾನೆಲ್ ಸೇರಿ 40. ಒಟ್ಟು 90 ದಾಟುತ್ತದೆ. ಕಂಡೆನ್ಸರ್ ತುಂಬುವ ಸಪ್ಲೈಯಲ್ಲಿ ಕರೆಂಟ್ ಒಂದೇ ಸಮ ಹರಿಯದೆ ತುಣುಕು ತುಣುಕಾಗಿ ನುಗ್ಗುವುದರಿಂದ, ಎಸಿಯಲ್ಲಿ 5 ಆಂಪಿಯರ್ ಎಂದು ಬರೆದಿದ್ದರೆ ಡಿಸಿಯಲ್ಲಿ ನಂಬಬಹುದಾದದ್ದು ಸುಮಾರು 3. ಎರಡೂ ಲೈನು ಸೇರಿ 90ರ ಆಸುಪಾಸಿಗೆ ಅಲ್ಲಿಂದಲ್ಲಿಗೆ ಆಯಿತು. ಎಡೆಬಿಡದೆ ಒಂದೇ ಟೋನ್ ಕೊಟ್ಟರೆ ಇದು ಬೇಯುತ್ತದೆ. ಹಾಡಿನ ಸರಾಸರಿ ಅದಕ್ಕಿಂತ ಎಷ್ಟೋ ಕಡಿಮೆ, ಭಜನೆಯದು ಇನ್ನೂ ಕಡಿಮೆ. ಟ್ರಾನ್ಸ್‌ಫಾರ್ಮರ್ ಸಾಕು ಎಂದು ತೀರ್ಮಾನಿಸಿದೆ. ಸಾಲದೆ ಇದ್ದದ್ದು ಕಂಡೆನ್ಸರ್. 4700 ಮೈಕ್ರೊಫ್ಯಾರಡ್‌ನಿಂದ ಎರಡೂವರೆ ಆಂಪಿಯರ್ ಎಳೆದರೆ, ಮುಂದಿನ ತುಂಬುವಿಕೆ ಬರುವ 8 ಮಿಲಿಸೆಕೆಂಡಿನಲ್ಲಿ ಅದು 4 ವೋಲ್ಟಿಗೂ ಹೆಚ್ಚು ಬಸಿದುಹೋಗುತ್ತದೆ. ಡೊಳ್ಳಿನ ಪೆಟ್ಟಿಗೆ ಗಾಯಕನ ದನಿ ಒಡೆಯುತ್ತಿದ್ದದ್ದು ಇದರಿಂದ.

ಪ್ರತಿ ಕಡೆ 10,000 ಮೈಕ್ರೊಫ್ಯಾರಡ್ ಹೆಚ್ಚಿಗೆ ಹಾಕಿದೆವು. ಅಷ್ಟೇ ಎಳೆತಕ್ಕೆ ಇಳಿತ ಒಂದೂವರೆ ವೋಲ್ಟಿನೊಳಗೆ ಬಂತು. ಮೇನ್ಸ್ ಫ್ಯೂಸನ್ನು 1 ಆಂಪಿಯರಿನ ಸ್ಲೋ ಬ್ಲೋಗೆ (ಕ್ಷಣದ ನುಗ್ಗಾಟಕ್ಕೆ ಹೋಗದ ಫ್ಯೂಸಿಗೆ) ಬದಲಿಸಿದೆವು.

ನಾಲೆಯ ನೀರು, ಹೊಲದ ಹೊಂಡ

ಕಂಡೆನ್ಸರ್ ದೊಡ್ಡದು ಮಾಡಿದರೂ ಒಂದು ತೊಂದರೆ ಉಳಿಯುತ್ತದೆ. ನಾಲೆಯ ತಲೆಯಲ್ಲಿರುವ ಗದ್ದೆಯವನು ತೂಬು ಪೂರ್ತಿ ಎತ್ತಿದರೆ ಕೊನೆಯ ಗದ್ದೆಗೆ ನೀರು ಏರುವುದಿಲ್ಲ. ಇಲ್ಲಿ ತಲೆಯ ಗದ್ದೆಯವನು ಸಬ್‌ವೂಫರ್. ಕೊನೆಯ ಗದ್ದೆಯವರು ಏನು ಮಾಡುತ್ತಾರೆ? ಹೊಲದಲ್ಲೇ ಒಂದು ಹೊಂಡ ತೋಡಿ, ನೀರು ಬಂದಾಗ ತುಂಬಿಸಿಕೊಂಡು, ವಾಪಸ್ ಹೋಗದ ಹಾಗೆ ಬಾಗಿಲು ಹಾಕುತ್ತಾರೆ.

ಎಲೆಕ್ಟ್ರಾನಿಕ್ಸಿನಲ್ಲಿ ಆ ಬಾಗಿಲು ಡಯೋಡ್. 4440ಗೆ ಹೋಗುವ ಪ್ಲಸ್ ದಾರಿಯಲ್ಲಿ 1ಎನ್5408 ಡಯೋಡ್ ಮೂರನ್ನು ಸಾಲಾಗಿ ಹಾಕಿ, ಅದರಾಚೆ ಬೋರ್ಡಿನ ಪಕ್ಕದಲ್ಲೇ 4700ರ ಕಂಡೆನ್ಸರ್ ಇಟ್ಟೆವು. ಒಂದೇ ಕಲ್ಲಿಗೆ ಎರಡು ಹಣ್ಣು. ಒಂದೊಂದು ಡಯೋಡ್ 0.7 ವೋಲ್ಟ್ ತಿನ್ನುವುದರಿಂದ 18.3 ಇದ್ದದ್ದು 16.2ಕ್ಕೆ ಇಳಿದು 4440 ಮಿತಿಯೊಳಗೆ ಬಂತು. ಸಬ್ ಎಳೆದಾಗ ಮುಖ್ಯ ಲೈನು ಬಗ್ಗಿದರೂ 4440ರ ಹೊಂಡದ ನೀರು ಹಿಂದಕ್ಕೆ ಹರಿಯುವುದಿಲ್ಲ. 12 ವೋಲ್ಟಿನ ರೆಗ್ಯುಲೇಟರ್ 7812 ಹಾಕೋಣವಾ ಎಂದು ಹುಡುಗ ಕೇಳಿದ. ಅದು 1 ಆಂಪಿಯರಿನ ಸಾಮಾನು, 4440 ಜೋರಾಗಿ ಹಾಡುವಾಗ ಅದಕ್ಕಿಂತ ಹೆಚ್ಚು ಬೇಡುತ್ತದೆ. ಡಯೋಡೇ ಸರಿ.

ಡಿ ಕ್ಲಾಸಿಗೆ ವೋಲ್ಟ್ ಇಳಿಸುವ ಅಗತ್ಯವಿಲ್ಲ, ಬಾಗಿಲು ಸಾಕು: ಕಡಿಮೆ ವೋಲ್ಟ್ ತಿನ್ನುವ ಒಂದು 1ಎನ್5822 ಷಾಟ್‌ಕಿ ಡಯೋಡ್, ಅದರಾಚೆ ಇನ್ನೊಂದು 4700. ಈ ಐಸಿ ಸೆಕೆಂಡಿಗೆ ನಾಲ್ಕು ಲಕ್ಷ ಸಲಕ್ಕೂ ಮೇಲೆ ಸ್ವಿಚ್ ಆಗುತ್ತದೆ. ಆ ಜಟಾಪಟಿಯ ಕರೆಂಟ್ ತನ್ನ ಪಕ್ಕದ ಕಂಡೆನ್ಸರಿನಲ್ಲೇ ಸುತ್ತಿಕೊಂಡಿದ್ದರೆ ಬೇರೆಯವರಿಗೆ ಉಪದ್ರವ ಕಡಿಮೆ. ಅದಕ್ಕೆ ಕಂಡೆನ್ಸರನ್ನು ಬೋರ್ಡಿನ ಸ್ಕ್ರೂ ಟರ್ಮಿನಲ್ಲಿಗೆ ಒತ್ತಿಯೇ ಬೆಸೆದೆವು, ವೈರಿನಲ್ಲಿ ದೂರ ಎಳೆಯಲಿಲ್ಲ.

ಮೂರೂ ಬೋರ್ಡಿಗೆ ಗಾಜಿನ ಫ್ಯೂಸ್: 4440ಗೆ 2 ಆಂಪಿಯರಿನದು, ಡಿ ಕ್ಲಾಸಿಗೆ 3 ಆಂಪಿಯರಿನದು, ಸಬ್ಬಿನ ಎರಡು ಲೈನಿಗೂ 3 ಆಂಪಿಯರಿನದು ಒಂದೊಂದು. ಸಬ್ಬಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಪ್ಲಸ್, ಮೈನಸ್ ಎರಡರ ಮೇಲೆ ನಿಂತ ಆಂಪ್ಲಿಫೈಯರಿನಲ್ಲಿ ಒಂದೇ ಕಡೆಯ ಫ್ಯೂಸ್ ಹೋದರೆ ಔಟ್‌ಪುಟ್ ಇನ್ನೊಂದು ಕಡೆಗೆ ವಾಲಿ ಸ್ಪೀಕರಿಗೆ ನೇರ ಡಿಸಿ ಹೋಗಬಹುದು. ವಾಯ್ಸ್ ಕಾಯಿಲ್ (ಸ್ಪೀಕರಿನೊಳಗಿನ ಸುರುಳಿ) ಸುಡಲು ಹೆಚ್ಚು ಹೊತ್ತು ಬೇಡ. ಅದಕ್ಕೆ ಡಿಸಿ ಬಂದರೆ ಸ್ಪೀಕರಿನ ದಾರಿ ಕಡಿಯುವ, ಯುಪಿಸಿ 1237 ಐಸಿ ಇರುವ ಸ್ಪೀಕರ್ ಪ್ರೊಟೆಕ್ಟರ್ ಬೋರ್ಡೇ ಸರಿಯಾದ ಮದ್ದು. ಆ ವಾರ ನಮ್ಮೂರಿನ ಅಂಗಡಿಯಲ್ಲಿ ಅದು ಇರಲಿಲ್ಲ. ಸದ್ಯಕ್ಕೆ ಸಬ್ ಸ್ಪೀಕರಿನ ವೈರಿನಲ್ಲೇ ಎರಡೂವರೆ ಆಂಪಿಯರಿನ ಫ್ಯೂಸ್ ಹಾಕಿದೆವು.

ಹೀಟ್‌ಸಿಂಕ್ (ಐಸಿಯ ಬಿಸಿ ಎಳೆದುಕೊಳ್ಳುವ ಲೋಹದ ಪಟ್ಟಿ) ಕೂಡ ಒಂದು ವೈರೇ. ಟಿಡಿಎ 2050ರ ಬೆನ್ನಿನ ಲೋಹ ಅದರ ಮೈನಸ್ ಪಿನ್ನಿಗೆ ಸೇರಿದೆ. ಅಂದರೆ ಅಲ್ಲಿ ಮೈನಸ್ 18 ವೋಲ್ಟ್. 4440ರ ಬೆನ್ನಿಗೂ ಗ್ರೌಂಡಿಗೂ ಮೀಟರ್ ಹಿಡಿದರೆ ಬೀಪ್, ಅಂದರೆ ಅದು ಗ್ರೌಂಡಿಗೇ ಸೇರಿದೆ. ಹುಡುಗ ಜಾಗ ಉಳಿಸಲು ಎರಡನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದಿದ್ದ. ಕರೆಂಟ್ ದಾಟಿಸದ ಮೈಕಾ ಹಾಳೆಯನ್ನೇನೋ ಇಟ್ಟಿದ್ದ, ಪುಣ್ಯ. ಆದರೆ ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಇರಲಿಲ್ಲ. ಸ್ಕ್ರೂ ರಂಧ್ರದ ಅಂಚನ್ನು ಮುಟ್ಟದೆ ನಡುವೆ ನಿಂತಿದ್ದರಿಂದ ಅಲ್ಲಿಯವರೆಗೆ ಬಚಾವಾಗಿತ್ತು. ಪೆಂಡಾಲಿನಲ್ಲಿ ಯಾರಾದರೂ ಡಬ್ಬವನ್ನು ಒಮ್ಮೆ ಕುಕ್ಕಿದ್ದರೆ ಸಾಕಿತ್ತು. ಬುಷ್ ಹಾಕಿ, ಪಟ್ಟಿಗೂ ಎರಡೂ ಐಸಿಗೂ ನಡುವೆ ಬೀಪ್ ಬರುವುದಿಲ್ಲ ಎಂದು ಖಚಿತಪಡಿಸಿಕೊಂಡು ಮುಂದೆ ಹೋದೆವು.

ಅರ್ಧ ಮಿಲಿವೋಲ್ಟಿನ ಹಮ್ಮಿಂಗ್

ಮತ್ತೆ ಮೂರನ್ನೂ ಜೋಡಿಸಿ ಹಚ್ಚಿದಾಗ ಹೊಗೆ ಇಲ್ಲ, ಡೊಳ್ಳಿಗೆ ದನಿ ಒಡೆಯುವುದಿಲ್ಲ. ಹಮ್ಮಿಂಗ್ ಮಾತ್ರ ಹಾಗೇ ಇತ್ತು. 4440ರ ಸ್ಪೀಕರ್ ತುದಿಯಲ್ಲಿ ಎಸಿ 190 ಮಿಲಿವೋಲ್ಟ್. ಸಬ್ಬಿನಲ್ಲಿ ಕಿವಿ ಇಟ್ಟರೆ ಮಾತ್ರ ಕೇಳುವಷ್ಟು. ಡಿ ಕ್ಲಾಸಿನಲ್ಲಿ ಇನ್ನೂ ಕಡಿಮೆ.

ಒಂದೇ ಸಪ್ಲೈ, ಒಂದೇ ಆಡಿಯೊ, ಹಾಗಿದ್ದರೂ ಒಬ್ಬನಿಗೇ ಯಾಕೆ ಕಾಯಿಲೆ? 4440 ಬಂದ ಸಿಗ್ನಲ್ಲನ್ನು 51.5 ಡೆಸಿಬೆಲ್ ಹಿಗ್ಗಿಸುತ್ತದೆ, ಅಂದರೆ 375 ಪಟ್ಟು. ಟೇಪ್ ಹೆಡ್ಡಿನಿಂದ ಬರುವ ಬಡಕಲು ಸಿಗ್ನಲ್ಲಿನ ಕಾಲದ ಐಸಿ ಅದು. ಟಿಡಿಎ 2050 ಬೋರ್ಡು ಹಿಗ್ಗಿಸುವುದು ಸುಮಾರು 30 ಪಟ್ಟು. 190ನ್ನು 375ರಿಂದ ಭಾಗಿಸಿ ನೋಡಿ: ಇನ್‌ಪುಟ್ಟಿನಲ್ಲಿ ಸೇರಿಕೊಳ್ಳುತ್ತಿದ್ದ ಹಮ್ಮಿಂಗ್ ಬರೀ ಅರ್ಧ ಮಿಲಿವೋಲ್ಟ್. ಅಷ್ಟನ್ನು ಹುಡುಕಬೇಕಿತ್ತು.

ಹುಡುಗ ಎಲ್ಲ ಬೋರ್ಡಿನ ಗ್ರೌಂಡನ್ನೂ ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್ ವೈರು ಬಂದು ಸೇರುವ ಕಡೆಗೇ ತಂದು ಕಟ್ಟಿದ್ದ. ಅಲ್ಲಿಂದ ಎರಡು ಕಂಡೆನ್ಸರಿನ ನಡುವಿನ ಜಾಯಿಂಟಿಗೆ ಗೇಣುದ್ದದ ಒಂದು ವೈರು. ಆ ಗೇಣುದ್ದದಲ್ಲೇ ಇತ್ತು ಕಳ್ಳ. ಕಂಡೆನ್ಸರ್ ತುಂಬುವ ಕರೆಂಟ್ ಸೆಕೆಂಡಿಗೆ 100 ಸಲ ಆ ವೈರಿನಲ್ಲಿ ಗಕ್ಕನೆ ನುಗ್ಗುತ್ತದೆ. ಎಷ್ಟೇ ದಪ್ಪ ವೈರಾದರೂ ಅದಕ್ಕೂ ಒಂಚೂರು ರೆಸಿಸ್ಟೆನ್ಸ್ ಇದೆ. ಮೀಟರನ್ನು ಆ ವೈರಿನ ಎರಡು ತುದಿಗೆ ಹಿಡಿದೆ: 9 ಮಿಲಿವೋಲ್ಟ್ ಎಸಿ. ಎರಡು ತುದಿಯೂ ಸೊನ್ನೆಯೇ, ಆದರೂ ನಡುವೆ 9 ಮಿಲಿವೋಲ್ಟ್! ಹುಡುಗ ಮೀಟರನ್ನು ಕಿತ್ತುಕೊಂಡು ತಾನೇ ಮತ್ತೆ ಹಿಡಿದು ನೋಡಿದ.

ಕಂಡೆನ್ಸರುಗಳ ನಡುವಿನ ಜಾಯಿಂಟಿಗೆ ಒಂದು ತಾಮ್ರದ ಪಟ್ಟಿ ಬೆಸೆದು, ಅದರಿಂದ ಸ್ವಲ್ಪ ಈಚೆಗೆ ಒಂದು ಬೋಲ್ಟ್ ನಿಲ್ಲಿಸಿ, ಮೂರೂ ಬೋರ್ಡಿನ ಗ್ರೌಂಡನ್ನು ಬೇರೆ ಬೇರೆ ವೈರಿನಲ್ಲಿ ಆ ಬೋಲ್ಟಿಗೆ ತಂದೆವು. ಸೆಂಟರ್ ಟ್ಯಾಪ್ ವೈರು ಪಟ್ಟಿಯ ಇನ್ನೊಂದು ತುದಿಗೆ. ತುಂಬುವ ಕರೆಂಟ್ ಈಗ ಬೋರ್ಡುಗಳ ದಾರಿಗೆ ಬರುವುದಿಲ್ಲ. 190 ಇದ್ದದ್ದು 40ಕ್ಕೆ ಇಳಿಯಿತು.

ಉಳಿದ 40 ಷೀಲ್ಡ್ ವೈರುಗಳ ಉಂಗುರದಿಂದ. ಪ್ರತಿ ಬೋರ್ಡೂ ಬೋಲ್ಟಿಗೆ ಒಮ್ಮೆ, ವಾಲ್ಯೂಮ್ ಕಂಟ್ರೋಲಿನಲ್ಲಿ ಷೀಲ್ಡ್ ಮೂಲಕ ಇನ್ನೊಮ್ಮೆ ಒಂದಾಗುತ್ತಿತ್ತು. ಆ ಉಂಗುರ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಇದ್ದರೆ ಹಮ್ಮಿಂಗ್ ಹಿಡಿಯದೆ ಇರುತ್ತದೆಯೇ? ಸಬ್ ಮತ್ತು ಡಿ ಕ್ಲಾಸಿನ ಷೀಲ್ಡಿನಲ್ಲಿ 10 ಓಮಿನ ಒಂದೊಂದು ರೆಸಿಸ್ಟರ್ ಹಾಕಿದೆವು. ಹೆಚ್ಚು ಹಿಗ್ಗಿಸುವ 4440ರದ್ದನ್ನು ಮಾತ್ರ ನೇರ ಬಿಟ್ಟೆವು. ಉಂಗುರದ ಕರೆಂಟಿಗೆ 10 ಓಮ್ ದೊಡ್ಡ ಗೋಡೆ. ಆಡಿಯೊಗೆ ಅದು ಗೊತ್ತೂ ಆಗುವುದಿಲ್ಲ. ಕೊನೆಗೆ 4440ರ ಸ್ಪೀಕರಿನಲ್ಲಿ ಉಳಿದದ್ದು 5 ಮಿಲಿವೋಲ್ಟ್. ರಾತ್ರಿ ಹನ್ನೊಂದಕ್ಕೆ ಫ್ಯಾನ್ ನಿಲ್ಲಿಸಿ ಕೇಳಿದೆವು, ಒಂದು ಅಡಿ ದೂರದಲ್ಲಿ ಏನೂ ಕೇಳಲಿಲ್ಲ.

ಹಮ್ಮಿಂಗ್ ಹೋಗಲಿ ಎಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿಂಗ್ ಪಿನ್ ಕತ್ತರಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಗಡಿನ ಡಬ್ಬ, ಮಳೆಗಾಲದ ಪೆಂಡಾಲು, ಒದ್ದೆ ನೆಲ, ಸುತ್ತ ಮಕ್ಕಳು. ಡಬ್ಬದ ಮೈಗೆ ಅರ್ತಿಂಗ್ ಇರಲೇಬೇಕು. ಇವನ ಡಬ್ಬಕ್ಕೆ ಇರಲಿಲ್ಲ, ಹಾಕಿಸಿದೆ.

ಸೊಳ್ಳೆಯ ಕೂಗು ಬ್ಲೂಟೂತ್ ಪ್ಯಾನಲ್ಲಿನದು. ಅದು ಕರೆಂಟನ್ನು ತುಣುಕು ತುಣುಕಾಗಿ ಎಳೆಯುತ್ತದೆ. ಆ ಕರೆಂಟ್ ವಾಪಸ್ ಹೋಗಲು ಆಡಿಯೊ ಗ್ರೌಂಡನ್ನೂ ದಾರಿ ಮಾಡಿಕೊಂಡಿತ್ತು. 7805 ಆದ ಮೇಲೆ ಬಿ0505ಎಸ್ ಎಂಬ ಪುಟ್ಟ ಕನ್ವರ್ಟರ್ ಹಾಕಿದೆವು: 5 ವೋಲ್ಟ್ ಕೊಟ್ಟರೆ 5 ವೋಲ್ಟೇ ಕೊಡುತ್ತದೆ, ಆದರೆ ಒಳಗೂ ಹೊರಗೂ ಲೋಹದ ಸಂಬಂಧ ಇರುವುದಿಲ್ಲ. 1 ವಾಟಿನದು, 200 ಮಿಲಿಆಂಪಿಯರ್ ಕೊಡುತ್ತದೆ, ಈ ಪ್ಯಾನಲ್ಲಿಗೆ ಧಾರಾಳ. ಕೂಗು ಪೂರ್ತಿ ನಿಂತಿತು. ಸಂತೋಷದಿಂದ ಪ್ಯಾನಲ್ಲನ್ನು ಮುಂಭಾಗಕ್ಕೆ ಸ್ಕ್ರೂ ಮಾಡಿದರೆ ಚೀಂಯ್ ಮತ್ತೆ ಹಾಜರು! ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿತ್ತು: ಯುಎಸ್‌ಬಿ ಕಿಂಡಿಯ ಲೋಹದ ಅಂಚು ಡಬ್ಬದ ತಗಡನ್ನು ಮುಟ್ಟುತ್ತಿತ್ತು. ಬಾಗಿಲಲ್ಲಿ ತಡೆದದ್ದು ಕಿಟಕಿಯಿಂದ ಬಂದಿತ್ತು. ತಗಡಿನ ಕಿಂಡಿಯನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ ಅಗಲ ಮಾಡಿ, ಸುತ್ತ ಟೇಪ್ ಅಂಟಿಸಿದ.

ಕಪ್ಪು ವೈರುಗಳೆಲ್ಲ ಒಂದೇ ಅಲ್ಲ

ಇನ್ನೇನು ಮುಗಿಯಿತು ಎನ್ನುವಾಗ ಡಿ ಕ್ಲಾಸ್ ಬೋರ್ಡು ಟಿಕ್, ಟಿಕ್ ಎನ್ನುತ್ತ ನಿಂತು ನಿಂತು ಶುರುವಾಗತೊಡಗಿತು. ಮೇಜಿನ ಮೇಲೆ ಇಟ್ಟು ನೇರ ಸ್ಪೀಕರ್ ಕೊಟ್ಟಾಗ ಸೊಗಸಾಗಿ ಹಾಡಿತ್ತು. ಡಬ್ಬದ ಹಿಂದಿನ ಟರ್ಮಿನಲ್ಲಿಗೆ ಹಾಕಿದರೆ ಮಾತ್ರ ಈ ಕಾಟ.

ಹಿಂದಿನ ಟರ್ಮಿನಲ್ ಪಟ್ಟಿ ಒಂದು ಹಳೇ ಸೆಟ್ಟಿನಿಂದ ಕಿತ್ತದ್ದು. ತಿರುಗಿಸಿ ನೋಡಿದರೆ, ಕಪ್ಪು ಟರ್ಮಿನಲ್ಲುಗಳನ್ನೆಲ್ಲ ಒಂದು ಬರಿ ತಾಮ್ರದ ತಂತಿಯಿಂದ ಸೇರಿಸಿ ಬೆಸೆದಿತ್ತು. 4440ರಂಥ ಬೋರ್ಡಿಗೆ ಇದು ಸಲ್ಲುತ್ತದೆ, ಸ್ಪೀಕರಿನ ಕಪ್ಪು ತುದಿ ಅಲ್ಲಿ ಗ್ರೌಂಡ್. ಡಿ ಕ್ಲಾಸಿನ ಈ ಬೋರ್ಡಿನಲ್ಲಿ ಸ್ಪೀಕರಿನ ಎರಡು ತುದಿಯನ್ನೂ ಐಸಿಯೇ ಆಡಿಸುತ್ತದೆ. ಎರಡೂ ಸರಾಸರಿಯಲ್ಲಿ ಸಪ್ಲೈಯ ಅರ್ಧದಲ್ಲಿ, ಇಲ್ಲಿ ಸುಮಾರು 9 ವೋಲ್ಟಿನಲ್ಲಿ ತೂಗುತ್ತಿರುತ್ತವೆ. ಅದರ ಕಪ್ಪು ತುದಿಯನ್ನು ಗ್ರೌಂಡಿಗೆ ಸೇರಿಸಿದರೆ ಔಟ್‌ಪುಟ್ಟನ್ನೇ ಷಾರ್ಟ್ ಮಾಡಿದ ಹಾಗೆ. ಐಸಿ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು.

ತಂತಿಯನ್ನು ಕತ್ತರಿಸಿ, ಡಿ ಕ್ಲಾಸಿನ ನಾಲ್ಕು ತುದಿಯನ್ನೂ ಬೇರೆ ಬೇರೆ ಮಾಡಿದೆವು. ಹುಡುಗ ಮಾರ್ಕರ್ ತಂದು ಆ ಎರಡು ಜೋಡಿಯ ಮೇಲೆ "ಗ್ರೌಂಡ್ ಅಲ್ಲ" ಎಂದು ದಪ್ಪಗೆ ಬರೆದ. ಪೆಂಡಾಲಿನಲ್ಲಿ ವೈರು ಎಳೆಯುವವರು ಬೇರೆ ಹುಡುಗರು, ಅವರಿಗೂ ತಿಳಿಯಲಿ ಎಂದು.

ಪೆಂಡಾಲಿನಲ್ಲಿ

ಚೌತಿಯ ದಿನ ನಾನೂ ಹೋದೆ. ಸಂಜೆ ಏಳರ ಹೊತ್ತಿಗೆ ಅವರ ಬೀದಿಯಲ್ಲಿ ಲೈನು 190 ವೋಲ್ಟಿಗೆ ಇಳಿದಿತ್ತು. ಮೀಟರ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಲೆಕ್ಕದಂತೆ ಒಳಗಿನ 18.3 ಆಗ 14.6 ಆಗಿರಬೇಕು. ಮೂರು ಬೋರ್ಡಿಗೂ ಅದು ಸಾಲುತ್ತದೆ. ಸದ್ದು ಸ್ವಲ್ಪ ತಗ್ಗಿತು, ಒಡೆಯಲಿಲ್ಲ. ಹೆಂಗಸರು ಭಜನೆ ಹೇಳುವಾಗ ತಾಳದ ಕಿಣಿ ಕಿಣಿ ಹೊರಗಿನ ಬಾಕ್ಸಿನಲ್ಲೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ರಾತ್ರಿ ಹತ್ತಕ್ಕೆ ಆರತಿ ಮುಗಿದ ಮೇಲೆ ಟ್ರಾನ್ಸ್‌ಫಾರ್ಮರಿನ ಮೇಲೆ ಕೈ ಇಟ್ಟೆ. ಬಿಸಿ ಇತ್ತು, ಕೈ ಇಟ್ಟುಕೊಂಡೇ ಇರಬಹುದಾದಷ್ಟು. ಡಯೋಡುಗಳು ಅದಕ್ಕಿಂತ ಹೆಚ್ಚು ಬಿಸಿ. ಅವನ್ನು ಬೋರ್ಡಿಗೆ ಒತ್ತಿ ಬೆಸೆಯದೆ ಕಾಲು ಉದ್ದ ಬಿಟ್ಟು ಎತ್ತರಕ್ಕೆ ನಿಲ್ಲಿಸಿದ್ದು ಒಳ್ಳೆಯದಾಯಿತು.

ಐದನೇ ದಿನ ವಿಸರ್ಜನೆ ಆಗುವವರೆಗೆ ಒಂದು ಫ್ಯೂಸೂ ಹೋಗಲಿಲ್ಲ. ಆಫ್ ಮಾಡುವಾಗ ಸಬ್ಬಿನಲ್ಲಿ ಧಡ್ ಎಂಬ ಸದ್ದು ಇನ್ನೂ ಬರುತ್ತದೆ. ಸ್ಪೀಕರ್ ಪ್ರೊಟೆಕ್ಟರ್ ಬೋರ್ಡು ಈಗ ಸಿಕ್ಕಿದೆ, ಅದು ಹಾಕಿದರೆ ಆ ಸದ್ದೂ ಹೋಗಬೇಕು. ಆ ಬೋರ್ಡಿನ ರಿಲೇಗೂ ಸಪ್ಲೈ ಬೇಕು. ಇದೇ ಟ್ರಾನ್ಸ್‌ಫಾರ್ಮರಿನ ಯಾವ ಎರಡು ತುದಿಯಿಂದ ತೆಗೆಯಬಹುದು, ಅದರ ಗ್ರೌಂಡ್ ಎಲ್ಲಿ ಬರುತ್ತದೆ ಎಂದು ಹುಡುಗ ಒಂದು ಹಾಳೆಯಲ್ಲಿ ಬರೆದು ಫೋಟೊ ಕಳಿಸಿದ್ದಾನೆ. ಭಾನುವಾರ ಬರಲು ಹೇಳಿದ್ದೇನೆ.